ಹೋರಿ ಹುಚ್ಚನಿಗೆ ಹೆಣ್ಣು

ಹಿರೇಕೆರೂರಿನ ಗುತ್ತೆವ್ವ ಹೋಗಿ ವಿಚಾರಿಸಿಕೊಂಡು ಬರದೆ ಅವರ ಬಳಗದಲ್ಲಿ ಯಾವ ಹುಡುಗಿಯ ಮದುವೆಯೂ ಗಟ್ಟಿಯಾಗುತ್ತಿರಲಿಲ್ಲ. ಗಂಡಿನ ಕಡೆಯವರು ಫೋಟೋ ಕಳಿಸಲಿ, ಬಯೋಡಾಟಾ ಕಳಿಸಲಿ, ಫೋನಿನಲ್ಲಿ ಬೆಲ್ಲದಂಥ ಮಾತಾಡಲಿ, ಕಡೆಗೆ ಹಿರಿಯರು ಹೇಳುತ್ತಿದ್ದುದು ಒಂದೇ: "ಮೊದಲ ಗುತ್ತೆವ್ವ ಒಂದ ಸಲ ಆ ಊರಿಗೆ ಹೋಗಿ ಬರ್ಲಿ." ವಾರವಿಡೀ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಗುತ್ತೆವ್ವನಿಗೆ ಭಾನುವಾರ ಬಂತೆಂದರೆ ಮೈಯಲ್ಲಿ ಬೇರೆಯೇ ಹುರುಪು. ಸೆರಗು ಸಿಕ್ಕಿಸಿ, ಆಧಾರ್ ಕಾರ್ಡು ಹಿಡಿದು, ಹೆಂಗಸರಿಗೆ ಪುಕ್ಕಟೆಯಿರುವ ಸರಕಾರಿ ಬಸ್ಸು ಹತ್ತಿದಳೆಂದರೆ, ಸಂಜೆಯೊಳಗೆ ಆ ಮನೆತನದ ಒಲೆಯಿಂದ ಹಿತ್ತಲಿನವರೆಗಿನ ಸುದ್ದಿಯೆಲ್ಲ ಅವಳ ಉಡಿಯಲ್ಲಿರುತ್ತಿತ್ತು.

ಗಂಡಿನ ಮನೆಗೆ ನೆಟ್ಟಗೆ ಹೋಗುವುದು ಅವಳ ಪದ್ಧತಿಯಲ್ಲ. ಮೊದಲು ಕಟಿಂಗ್ ಅಂಗಡಿ, ಆಮೇಲೆ ಚಹಾದಂಗಡಿ, ಆಮೇಲೆ ಹಿಟ್ಟಿನ ಗಿರಣಿ, ಕಡೆಗೆ ಆ ಮನೆಯವರೊಂದಿಗೆ ಗೋಡೆಯ ಜಗಳವಿರುವ ನೆರೆಯವರು. ಹೆಂಗಸೊಬ್ಬಳು ಕಟಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು ಮಾತಾಡುವುದೆಂದರೇನು ಎಂದು ಯಾರಾದರೂ ಮೂಗು ಮುರಿದರೆ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬಂದ ಕೆಲಸವೇನೆಂದು ಕೇಳಿದವರಿಗೆ "ಎಮ್ಮಿ ನೋಡಾಕ ಬಂದೇನ್ರಿ" ಎನ್ನುವುದು ಅವಳ ಖಾಯಂ ಉತ್ತರ.

ಇಷ್ಟು ವರ್ಷ ತಿರುಗಿ ಅವಳು ಕಂಡುಕೊಂಡದ್ದೇನೆಂದರೆ, ಊರು ಒಬ್ಬ ಮನುಷ್ಯನಿಗೆ ಇಟ್ಟ ಶಬ್ದವನ್ನು ಹಿಡಿದು ತೂಗಬೇಕು. ಶೋಕೀನ ಅಂದರೆ ಇಸ್ತ್ರಿ ಅಂಗಿಯವನು, ಮನೆಯಲ್ಲಿ ಅಕ್ಕಿಯಿದೆಯೋ ಇಲ್ಲವೋ ನೋಡಬೇಕು. ಖಯಾಲಿ ಮನುಷ್ಯ ಅಂದರೆ ಮನಸ್ಸು ಬಂದರೆ ಮಾಡಿಯಾನು, ಬಾರದಿದ್ದರೆ ಮಲಗಿಯಾನು, ಅಂಥವನನ್ನು ಹೆಂಡತಿ ತಿದ್ದಿಕೊಳ್ಳಬಹುದು. ಚಟದವನು ಅಂದರೆ ಮುಂದೆ ಕೇಳುವುದೇ ಬೇಡ, ಬಂದ ಬಸ್ಸಿಗೇ ವಾಪಸು ಹೋಗಬೇಕು. ಹಾಡಿನದೋ ಆಟದ್ದೋ ನಾದ ಹಚ್ಚಿಕೊಂಡವನಾದರೆ ಸ್ವಲ್ಪ ಯೋಚನೆ ಮಾಡಬೇಕು. ಆದರೆ ಹುಚ್ಚ ಅನ್ನುವುದೊಂದು ಇದೆಯಲ್ಲ, ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹುಚ್ಚನೊಬ್ಬನ ಜೊತೆ ಅವಳು ಅರ್ಧ ಆಯುಷ್ಯ ಸಂಸಾರ ಮಾಡಿದ್ದಳು.

ಅವಳ ಗಂಡ ಮಾರೆಪ್ಪನನ್ನು ಊರು ಕಬಡ್ಡಿ ಹುಚ್ಚ ಎಂದೇ ಕರೆಯುತ್ತಿತ್ತು. ಮಗಳು ವಿದ್ಯಾಶ್ರೀ ಹುಟ್ಟಿದ ದಿನ ಅವನು ಶಿಗ್ಗಾವಿಯ ಕಡೆ ಯಾವುದೋ ಪಂದ್ಯದಲ್ಲಿದ್ದ. ಮರುದಿನ ದವಾಖಾನೆಗೆ ಬಂದವನ ತೋಳಿನಲ್ಲಿ ಗೆದ್ದ ಸ್ಟೀಲಿನ ಕೊಡ, ಮುಖದ ತುಂಬ ನಗೆ. ಕೂಸನ್ನು ಎತ್ತಿಕೊಳ್ಳಲು ಕೊಡವನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದ. ಗುತ್ತೆವ್ವ ಬೈಯಲಿಲ್ಲ, ಬೈಯುವ ತ್ರಾಣವೇ ಇರಲಿಲ್ಲ. ಈ ಕೂಸನ್ನು ಮಾತ್ರ ಯಾವ ಹುಚ್ಚನಿಗೂ ಕೊಡುವುದಿಲ್ಲ ಎಂದು ಆ ಹಾಸಿಗೆಯ ಮೇಲೆಯೇ ಗಟ್ಟಿ ಮಾಡಿಕೊಂಡಳು. ಈಗ ಮಾರೆಪ್ಪನ ಮೊಣಕಾಲುಗಳೆರಡೂ ಸವೆದಿವೆ, ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಾ ಕಟ್ಟೆಯ ಮೇಲೆ ಕೂತಿರುತ್ತಾನೆ. ಅವಳ ನಿರ್ಧಾರ ಮಾತ್ರ ಸವೆದಿರಲಿಲ್ಲ.

ವಿದ್ಯಾಶ್ರೀ ಹಾನಗಲ್ಲಿನಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದೀಪಾವಳಿಗೆ ಊರಿಗೆ ಬಂದವಳು, ಹಬ್ಬವೆಲ್ಲ ಮುಗಿದು ತಾಯಿ ಮಗಳಿಬ್ಬರೇ ಕೂತು ಸೊಪ್ಪು ಸೋಸುವಾಗ ಮೆಲ್ಲಗೆ ಬಾಯಿ ಬಿಟ್ಟಳು.

"ಅವ್ವಾ, ಅಕ್ಕಿಆಲೂರಾಗ ಒಬ್ಬಾಂವ ಅದಾನ. ಪರಮೇಶ ಅಂತ. ನಮ್ಮ ಪೈಕೀನ. ಅವರವ್ವನ್ನ ಸಕ್ಕರಿ ತಪಾಸಣಿಗೆ ನಮ್ಮ ಲ್ಯಾಬಿಗೆ ಕರಕೊಂಡು ಬರ್ತಾನ. ಅಕ್ಕಿ ಮಿಲ್ಲಿನ್ಯಾಗ ಮಷಿನ್ ನಡಸ್ತಾನ."

ಗುತ್ತೆವ್ವನ ಕೈ ಸೊಪ್ಪಿನಲ್ಲೇ ನಿಂತಿತು. "ಕುಡೀತಾನ?"

"ಇಲ್ಲ."

"ಇಸ್ಪೀಟು?"

"ಇಲ್ಲಬೇ."

"ಹಂಗಾದ್ರ ಮತ್ತೇನೋ ಇರಬೇಕು. ಏನೂ ಇಲ್ಲದ ಗಂಡ್ಸನ್ನ ನಾ ಈ ಜಿಲ್ಲಾದಾಗ ನೋಡಿಲ್ಲ."

ವಿದ್ಯಾಶ್ರೀ ಸೊಪ್ಪಿನ ದಂಟನ್ನು ಎರಡು ತುಂಡು ಮಾಡಿದಳು. "ಒಂದು ಹೋರಿ ಕಟ್ಯಾನ."

ಹೋರಿ ಕಟ್ಟುವುದೆಂದರೆ ಏನೆಂದು ಗುತ್ತೆವ್ವನಿಗೆ ಗೊತ್ತಿರಲಿಲ್ಲವೆಂದಲ್ಲ. ಉಳುವ ಎತ್ತಿನ ಮಾತಲ್ಲ ಅದು. ದೀಪಾವಳಿ ಕಳೆಯಿತೆಂದರೆ ಈ ಸೀಮೆಯ ಊರೂರಿನಲ್ಲಿ ಹೋರಿ ಹಬ್ಬ. ಹೋರಿಯ ಮೈಮೇಲೆ ಝಗಝಗಿಸುವ ಜೂಲಾ ಹೊದಿಸಿ, ಕೊಂಬಿಗೆ ಬಲೂನು ಸಿಕ್ಕಿಸಿ, ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ ಅಖಾಡಕ್ಕೆ ಬಿಡುತ್ತಾರೆ. ಇಬ್ಬದಿ ನಿಂತ ಪೈಲ್ವಾನರು ಓಡುವ ಹೋರಿಯ ಮೇಲೆ ಎಗರಿ ಆ ಕೊಬ್ಬರಿ ಹರಿಯಬೇಕು, ಹರಿಯಗೊಡದೆ ದಾಟಿದ ಹೋರಿ ಗೆದ್ದಂತೆ. ಕೈಕಾಲು ಮುರಿದುಕೊಂಡವರ ಸುದ್ದಿ ಇಲ್ಲದೆ ಒಂದು ವರ್ಷವೂ ಹೋಗುವುದಿಲ್ಲ. ಆದರೂ ಹೋರಿ ಕಟ್ಟಿದವರು ಬಿಡುವುದಿಲ್ಲ, ಹೊಟ್ಟೆ ಬಟ್ಟೆ ಕಟ್ಟಿ ಹೋರಿಗೆ ಹಿಂಡಿ ಹಾಕುತ್ತಾರೆ. ಕಬಡ್ಡಿಯಾದರೋ ಪಂದ್ಯ ಮುಗಿದ ಮೇಲೆ ಗಂಡ ಮನೆಗೆ ಬರುತ್ತಾನೆ, ಹೋರಿಯದು ವರ್ಷವಿಡೀ ಮುಗಿಯದ ಪಂದ್ಯ ಎಂದು ಗುತ್ತೆವ್ವನ ಲೆಕ್ಕ.

"ಸಿಟ್ಟಾಗಬ್ಯಾಡ," ಅಂದಳು ವಿದ್ಯಾಶ್ರೀ. "ಊರ ಮಂದೀದು ಎಲ್ಲಾ ನೀನ ವಿಚಾರಿಸೀದಿ. ನಂದೂ ನೀನ ವಿಚಾರಿಸ್ಕೊಂಡ ಬಾ. ನೀ ಬ್ಯಾಡ ಅಂದ್ರ ನಾ ಅವಗ ಬ್ಯಾಡ ಅಂತೇನಿ. ಎದುರ ಮಾತಾಡಂಗಿಲ್ಲ."

ಹಟ ಹಿಡಿದು ಅತ್ತಿದ್ದರೆ ಗುತ್ತೆವ್ವನಿಗೆ ಸುಲಭವಿತ್ತು, ಎರಡು ಮಾತು ಬಿರುಸಾಗಿ ಆಡಿ ಮುಗಿಸಿಬಿಡುತ್ತಿದ್ದಳು. ಹೀಗೆ ನಂಬಿ ಕೈಯಲ್ಲಿಟ್ಟರೆ ಏನು ಮಾಡುವುದು. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಮುಂದಿನ ಭಾನುವಾರ ಅಕ್ಕಿಆಲೂರಿನಲ್ಲಿ ಬಸ್ಸಿಳಿದಾಗ ಪೇಟೆಯ ಅರ್ಧ ಅಂಗಡಿಗಳ ಬಾಗಿಲು ಹಾಕಿತ್ತು. ಹುಡುಗರು ಬೈಕಿನ ಮೇಲೆ ಮೂವರು ಮೂವರು ಕೂತು ಊರ ಹೊರಗೆ ಹೋಗುತ್ತಿದ್ದರು. ದೂರದಲ್ಲಿ ಮೈಕು ಕೂಗುತ್ತಿತ್ತು. ಅವತ್ತೇ ಆ ಊರಿನ ಹೋರಿ ಹಬ್ಬ ಎನ್ನುವುದು ಅವಳಿಗೆ ಆಗ ತಿಳಿಯಿತು. ಕಳ್ಳನನ್ನು ಮಾಲು ಸಮೇತ ಹಿಡಿಯಲು ಇದಕ್ಕಿಂತ ಒಳ್ಳೆಯ ದಿನ ಸಿಗಲಾರದೆಂದು ಅವಳು ಒಳಗೊಳಗೇ ಹಿಗ್ಗಿದಳು.

ಕಟಿಂಗ್ ಅಂಗಡಿಯ ಅಫ್ಜಲ ಕಡೆಯ ಗಿರಾಕಿಯ ಗಡ್ಡಕ್ಕೆ ಸಾಬೂನು ಹಚ್ಚುತ್ತಿದ್ದ, ಅವನ ಒಂದು ಕಣ್ಣು ಗಡಿಯಾರದ ಮೇಲಿತ್ತು.

"ಎಮ್ಮಿ ನೋಡಾಕ ಬಂದೇನ್ರಿ," ಎಂದು ಗುತ್ತೆವ್ವ ಬಾಗಿಲಲ್ಲಿ ನಿಂತಳು. "ಪರಮೇಶ ಅಂತ, ಅಕ್ಕಿ ಮಿಲ್ಲಿನ್ಯಾಗ ಇರ್ತಾನಂತಲ್ಲ, ಅವರ ಮನ್ಯಾಗ ದನ ಚೊಲೋ ಸಾಕ್ತಾರಂತ ಕೇಳಿದ್ದೆ."

"ಪರಮೇಶನೇನ್ರಿ?" ಅಫ್ಜಲನ ಮುಖ ಅರಳಿತು. "ಶೋಕೀನ ಮನಷ್ಯಾರಿ. ಶೋಕಿ ಅಂದ್ರ ತನಗಲ್ಲ, ಅಂವ ತಲಿ ಕೂದಲಾ ತಗಸಾಕ ನಾನ ಕರೀಬೇಕು. ಎಲ್ಲಾ ಆ ಹೋರಿಗೆ. ಗುಡುಗು ಅಂತ ಹೋರಿ ಹೆಸರು. ಹಾವೇರಿ ಜಿಲ್ಲಾದಾಗ ಗುಡುಗು ಅಂದ್ರ ಗೊತ್ತಿಲ್ಲದಾಂವ ಇಲ್ಲ."

"ಭಾಳ ಸಿಟ್ಟಿನದೇನ್ರಿ?"

ಅಫ್ಜಲ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. "ಅದು ಅಖಾಡಕ್ಕ ಬಂತಂದ್ರ ಒಬ್ಬಾಂವನೂ ಕೈ ಹಚ್ಚಂಗಿಲ್ರಿ. ಅಷ್ಟ ಹೇಳ್ತೇನಿ ನಾ."

ಕೈ ಹಚ್ಚಲೂ ಜನ ಹೆದರುವಂಥ ಪ್ರಾಣಿಯ ಪಕ್ಕದಲ್ಲಿ ತನ್ನ ಮಗಳು ಕಸ ಗುಡಿಸುತ್ತಿರುವುದು ಗುತ್ತೆವ್ವನ ಕಣ್ಣಿಗೆ ಕಟ್ಟಿತು. ಚಹಾದಂಗಡಿಯ ಗುದ್ಲೆಪ್ಪ ಒಲೆ ಆರಿಸುವ ಗಡಿಬಿಡಿಯಲ್ಲೇ ಉತ್ತರ ಕೊಟ್ಟ. "ಪರಮೇಶಾ? ನಾದ ಹಚ್ಚಿಕೊಂಡ ಮನಷ್ಯಾ. ಮಿಲ್ಲು ಬಿಟ್ರ ಹೋರಿ, ಹೋರಿ ಬಿಟ್ರ ಮಿಲ್ಲು. ಚಾ ಕುಡಿಯಾಕೂ ಕುಂದರಂಗಿಲ್ಲ." ಆ ಹೋರಿ ಈಚೆಗೆ ಏನೇನು ಗೆದ್ದಿದೆ ಎಂದು ಕೇಳಿದಾಗ ಅವನು ಅವಳನ್ನು ಒಂದು ಗಳಿಗೆ ದಿಟ್ಟಿಸಿ, "ಗುಡುಗಿಗೆ ಇನ್ನ ಗೆಲ್ಲೂದು ಏನೈತ್ರಿ," ಎಂದು ಬಾಗಿಲು ಎಳೆದುಕೊಂಡ. ಗಿರಣಿಯವಳಂತೂ ಹಿಟ್ಟಿನ ಕೈ ಜಾಡಿಸುತ್ತಾ ನೇರವಾಗಿಯೇ ಹೇಳಿದಳು. "ಹುಚ್ಚ ರೀ ಅಂವ. ಹೋರಿಗೆ ಜ್ವರ ಬಂದ್ರ ದನದ ಮನ್ಯಾಗ ಮಲಗಾಂವ. ಮದುವಿ ಆದ್ರ ಹೇಣ್ತಿ ಎಲ್ಲಿ ಮಲಗಬೇಕು ಕೇಳ್ರಿ ಅವನ್ನ." ನೆರೆಮನೆಯ ಮುದುಕ ಅವನ ಪೆದ್ದತನವನ್ನು ಒಂದೇ ಶಬ್ದದಲ್ಲಿ ಹೇಳಿ ಮುಗಿಸಿದ. "ಮಳ್ಳ."

ಶೋಕೀನ, ನಾದದವನು, ಹುಚ್ಚ, ಮಳ್ಳ. ಇಷ್ಟು ಸಾಕಾಗಿತ್ತು. ಆದರೂ ಗುತ್ತೆವ್ವ ಅರ್ಧಕ್ಕೆ ವಿಚಾರಣೆ ಬಿಟ್ಟು ಬಂದವಳೆಂದು ಹೆಸರು ಪಡೆದವಳಲ್ಲ. ಮನೆಯನ್ನೂ ಒಮ್ಮೆ ನೋಡಿಯೇ ಹೋಗೋಣವೆಂದು ಪರಮೇಶನ ಮನೆಯ ಮುಂದೆ ನಿಂತಳು.

ತಗಡಿನ ಮಾಡಿನ ಸಣ್ಣ ಮನೆ. ಒಳಗಿನ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಹೋರಿಯೊಂದರ ದೊಡ್ಡ ಫೋಟೋ. ಅವನ ತಾಯಿ ಮುದಕವ್ವ ಹೊಸ ಸೀರೆಯುಟ್ಟು ಎಲ್ಲಿಗೋ ಹೊರಟಿದ್ದಳು.

"ಎಮ್ಮಿ ನೋಡಾಕ ಬಂದೇನ್ರಿ," ಅಂದಳು ಗುತ್ತೆವ್ವ.

"ಎಮ್ಮಿ ಇಲ್ರಿ ನಮ್ಮನ್ಯಾಗ. ಹೋರಿ ಐತಿ, ಅದೂ ಅಖಾಡಕ್ಕ ಹೋಗೇತಿ. ಬರ್ರಿ, ನೀರರ ಕುಡೀರಿ." ಮುದಕವ್ವ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾವೂರ ಆತ್ರಿ?"

"ಹಿರೇಕೆರೂರ ಕಡೆ."

"ಹಾಂ," ಅಂದಳು ಮುದಕವ್ವ, ಏನೋ ಹೊಳೆದವಳಂತೆ. ನೀರು ಕೊಟ್ಟು, ತನ್ನ ಬೆರಳ ತುದಿಗಳನ್ನು ತೋರಿಸಿದಳು. "ನೋಡ್ರಿ, ವಾರ ವಾರ ಹಾನಗಲ್ಲಿಗೆ ಒಯ್ದು ಚುಚ್ಚಸ್ತಾನ ನನ್ನ ಮಗ. ಸಕ್ಕರಿ ನೋಡಬೇಕಂತ. ತಿಂಗಳಿಗೊಮ್ಮೆ ಸಾಕು ಅಂತ ಡಾಕ್ಟರು ಹೇಳ್ಯಾರ. ಅಂವ ಕೇಳವಲ್ಲ."

ಗುತ್ತೆವ್ವ ಕೇಳಿಸದವಳಂತೆ ದನದ ಮನೆಯ ಕಡೆ ಕತ್ತು ಹಾಕಿದಳು. ಕತ್ತು ಹಾಕಿದ್ದೇ ಮೈ ಉರಿಯಿತು. ಮನೆಯಲ್ಲಿ ಗಾಳಿಯ ಸುಳಿವಿಲ್ಲ, ದನದ ಮನೆಯಲ್ಲಿ ಫ್ಯಾನು. ನೆಲಕ್ಕೆ ಮೊಣಕಾಲುದ್ದ ಒಣಹುಲ್ಲಿನ ಮೆತ್ತನೆ, ಕಿಟಕಿಗೆ ಸೊಳ್ಳೆ ಪರದೆ. ಮೂಲೆಯಲ್ಲಿ ಎಣ್ಣೆ ಬಾಟಲಿಗಳ ಸಾಲು. ಮೇವು ಹಾಕುವ ಗ್ವಾದಲಿಯ ಪಕ್ಕದ ಬೋಗುಣಿಯಲ್ಲಿ ನುಣ್ಣಗೆ ಬೇಯಿಸಿ ಆರಿಸಿಟ್ಟ ಜೋಳದ ಗಂಜಿ, ಹಿಚುಕಿದ ಬೆಲ್ಲ ಕಲಸಿದ್ದು. ಹೋರಿಗೆ ಗಂಜಿ ಕಾಸುವ ಗಂಡಸು, ನಾಳೆ ಬಾಣಂತಿ ಹೆಂಡತಿಗೆ ಕಾಸಿಯಾನೇ? ಸ್ಟೀಲಿನ ಕೊಡ ಹಿಡಿದು ನಿಂತವನ ಮುಖ ಅವಳ ಕಣ್ಣ ಮುಂದೆ ಬಂತು. ಬೇಡ, ಈ ಸಂಬಂಧ ಖಂಡಿತ ಬೇಡ ಎಂದು ಅಲ್ಲಿಯೇ ತೀರ್ಮಾನಿಸಿದಳು. ವಿದ್ಯಾಶ್ರೀಗೆ ಈಗಲೇ ಫೋನು ಮಾಡಬೇಕೆಂದು ಕೈ ಚೀಲಕ್ಕೆ ಹೋಯಿತು.

"ಫೋನು ಆಮ್ಯಾಲ ಮಾಡೀರಂತ," ಎಂದು ಮುದಕವ್ವ ಅವಳ ಮೊಣಕೈ ಹಿಡಿದಳು. "ಬರ್ರಿ, ಗುಡುಗು ಬರೂ ಹೊತ್ತಾತು. ಹಿರೇಕೆರೂರಿಂದ ಬಂದು ಅದನ್ನ ನೋಡದ ಹೋದ್ರ ಹೆಂಗ?"

ಅಖಾಡದ ಪಕ್ಕದ ಮನೆಯೊಂದರ ಮಾಳಿಗೆಯ ಮೇಲೆ ಹೆಂಗಸರೆಲ್ಲ ನೆರೆದಿದ್ದರು. ಕೆಳಗೆ ಎರಡೂ ಬದಿಗೆ ಬಿದಿರು ಕಟ್ಟಿ ನಡುವೆ ದಾರಿ ಬಿಟ್ಟಿದ್ದರು, ದಾರಿಯ ಉದ್ದಕ್ಕೂ ಜನವೋ ಜನ. ಸವಣೂರಿನ ಶಹಾಬುದ್ದೀನ ಮೈಕು ಹಿಡಿದಿದ್ದ. ಹೋರಿಯ ಹೆಸರು, ಊರು, ಅದರ ತಾತ ಮುತ್ತಾತನ ಪರಾಕ್ರಮ ಎಲ್ಲವನ್ನೂ ಉಸಿರು ಬಿಡದೆ ಹೇಳುವುದು ಅವನ ಹೆಚ್ಚುಗಾರಿಕೆ. ಒಂದಾದ ಮೇಲೊಂದು ಹೋರಿ ನುಗ್ಗಿ ಬರುತ್ತಿದ್ದವು. ಹರೆಯದ ಪೈಲ್ವಾನನೊಬ್ಬ ಕೊಬ್ಬರಿಗೆ ಕೈ ಹಾಕಿದವನು ಹೋರಿ ಕೊಡವಿದ್ದಕ್ಕೆ ಮಾರುದೂರ ಹೋಗಿ ಬಿದ್ದ, ಎದ್ದು ಅಂಗಿ ಹರಿದದ್ದನ್ನು ನೋಡಿಕೊಂಡು ನಕ್ಕ. ಅವನ ತಾಯಿ ಯಾವ ಮಾಳಿಗೆಯ ಮೇಲಿದ್ದಾಳೋ ಎಂದು ಗುತ್ತೆವ್ವ ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದದ್ದು ಸದ್ದು ನಿಂತದ್ದಕ್ಕೆ. ಇಷ್ಟೊತ್ತು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದ ಜನ ಒಮ್ಮೆಲೇ ಸುಮ್ಮನಾಗಿದ್ದರು. ಶಹಾಬುದ್ದೀನನೂ ದನಿ ತಗ್ಗಿಸಿದ್ದ.

"ಗುಡುಗು ಬರಾಕತ್ತೈತ್ರಿ. ಜಾಗಾ ಬಿಡ್ರಿ. ಹಿಂದ ಸರೀರಿ, ಹಿಂದ ಸರೀರಿ."

ಪೈಲ್ವಾನರು ಹಿಂದೆ ಸರಿದರು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಗುತ್ತೆವ್ವ ಗೋಡೆಯನ್ನು ಭದ್ರವಾಗಿ ಹಿಡಿದು ಬಗ್ಗಿ ನೋಡಿದಳು.

ದಾರಿಯ ತುದಿಯಲ್ಲಿ ಒಂದು ಮುದಿ ಹೋರಿ ನಡೆದು ಬರುತ್ತಿತ್ತು.

ಓಡುತ್ತಿರಲಿಲ್ಲ, ನಡೆಯುತ್ತಿತ್ತು, ಅದೂ ಒಂದು ಹಿಂಗಾಲನ್ನು ಎಳೆಯುತ್ತಾ. ಬೆನ್ನೆಲುಬು ಜೂಲಾದ ಕೆಳಗೂ ಎದ್ದು ಕಾಣುತ್ತಿತ್ತು, ಒಂದು ಕಣ್ಣು ಬೆಳ್ಳಗಾಗಿತ್ತು. ಕೊರಳಲ್ಲಿ ಮಾತ್ರ ಉಳಿದ ಯಾವ ಹೋರಿಗೂ ಇಲ್ಲದಷ್ಟು ದೊಡ್ಡ ಕೊಬ್ಬರಿ ಹಾರ. ಪಕ್ಕದಲ್ಲಿ ಮಾಸಿದ ಅಂಗಿಯ, ತಲೆಗೂದಲು ಕಿವಿಗಿಳಿದ ಒಬ್ಬ ಯುವಕ. ಹಗ್ಗ ಅವನ ಕೈಯಲ್ಲಿ ಸಡಿಲವಾಗಿ ತೂಗುತ್ತಿತ್ತು.

"ಇದ ಗುಡುಗೇನ್ರಿ?" ಗುತ್ತೆವ್ವನ ಬಾಯಿಂದ ಮಾತು ತಾನೇ ಬಂತು.

"ಇದ," ಅಂದಳು ಮುದಕವ್ವ. "ಸಣ್ಣ ಕರಾ ಇದ್ದಾಗ ನಮ್ಮೆಜಮಾನ್ರು ತಂದಿದ್ದು. ಒಂದು ಕಾಲಕ್ಕ ಇದರ ಕೊಬ್ಬರಿ ಹರಿದಾಂವ ಈ ನಾಕು ತಾಲೂಕಿನ್ಯಾಗ ಯಾರೂ ಇದ್ದಿದ್ದಿಲ್ಲ. ಆಮ್ಯಾಲ ಕಾಲು ಹೋತು. ಕಸಾಯಿಗೆ ಕೊಟ್ಟ ಬಿಡು ಅಂತ ಮಂದಿ ಭಾಳ ಹೇಳಿದ್ರು. ನನ್ನ ಮಗ ಒಲ್ಲೆ ಅಂದ. ಹಲ್ಲಿಲ್ರಿ ಅದಕ್ಕ, ಗಂಜಿ ಮಾಡಿ ಕುಡಸಬೇಕು. ನೆಲಾ ಒತ್ತಿದ್ರ ಗಾಯ ಆಕ್ಕಾವು, ಹುಲ್ಲು ಹಾಸಬೇಕು."

"ಮತ್ತ ಪ್ಯಾಟಿ ಮಂದಿ ನನಗ ಇದನ್ನ ಹೇಳಲೇ ಇಲ್ಲಲ್ರಿ. ಯಾರೂ ಕೈ ಹಚ್ಚಂಗಿಲ್ಲ ಅಂದ್ರು."

"ಯಾರು ಹಚ್ತಾರ್ರಿ, ಹಿರೇ ಹೋರಿಗೆ? ಹಾರ ಕಟ್ಟಿಸ್ಕೊಂಡು ನಡದು ಹೋಗತೈತಿ, ಮಂದಿ ಕೈ ಮುಗೀತಾರ. ಮುದಿಯಾತು, ಕುಂಟಾತು ಅಂತ ಹೊರಗಿನವ್ರ ಮುಂದ ಯಾರೂ ಗುಡುಗಿನ ಹೆಸರ ಕೆಡಸಂಗಿಲ್ಲ. ನಮ್ಮ ಕಡೆ ಅದು ಪದ್ಧತಿ."

ದಾರಿಯ ನಟ್ಟನಡುವೆ ಹೋರಿ ನಿಂತುಬಿಟ್ಟಿತು. ಉಸಿರು ಹತ್ತಿತ್ತು, ಪಕ್ಕೆಗಳು ಒಳಹೊರಗೆ ಹೋಗುತ್ತಿದ್ದವು. ಪರಮೇಶ ಹಗ್ಗ ಜಗ್ಗಲಿಲ್ಲ, ಬಾಲ ತಿರುವಲಿಲ್ಲ, ಬಾಯಲ್ಲಿ ಟಕ್ ಟಕ್ ಎಂದೂ ಅನ್ನಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಅದರ ಮುಖಕ್ಕೆ ಗಾಳಿ ಬೀಸುತ್ತಾ ನಿಂತ. ಹಿಂದೆ ಹತ್ತಾರು ಹೋರಿಗಳು ಕಾಯುತ್ತಿದ್ದವು, ಅವುಗಳ ಯಜಮಾನರು ಬೆವರು ಸುರಿಸುತ್ತಾ ಹಗ್ಗ ಹಿಡಿದಿದ್ದರು. ಯಾರೂ ಬೇಗ ಅನ್ನಲಿಲ್ಲ. ಸಾವಿರಾರು ಹುಚ್ಚರು ಒಂದು ಮುದಿ ಹೋರಿಯ ಉಸಿರು ಹಿಂತಿರುಗಲೆಂದು ಬಿಸಿಲಿನಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ಯಾರೋ ಒಬ್ಬ ಬಿದಿರಿನ ಕೆಳಗಿಂದ ನುಸುಳಿ ಬಂದು ಬಕೀಟು ನೀರು ಇಟ್ಟು ಹೋದ.

ಇಷ್ಟು ಚೆಂದದ ನೋಟವನ್ನು ಗುತ್ತೆವ್ವ ತನ್ನ ಜನ್ಮದಲ್ಲಿ ನೋಡಿರಲಿಲ್ಲ, ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಳು. ಗೆಲ್ಲುವವರೆಗೆ ಇರುವ ಪ್ರೀತಿಯೊಂದು, ಗೆಲುವೆಲ್ಲ ಮುಗಿದ ಮೇಲೆ ಗಂಜಿ ಕಾಸುವ ಪ್ರೀತಿ ಇನ್ನೊಂದು. ಎರಡಕ್ಕೂ ಊರು ಹುಚ್ಚು ಎಂದೇ ಹೇಳಿ ಕೈತೊಳೆದುಕೊಂಡಿತ್ತು, ತಾನೂ ಆ ಒಂದೇ ಶಬ್ದವನ್ನು ಹಿಡಿದು ತೂಗಿದ್ದಳು. ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾ ಮೊಬೈಲು ನೋಡುವ ಮಾರೆಪ್ಪನ ನೆನಪಾಗಿ, ಯಾಕೋ ಅವನ ಮೇಲೆ ಎಂದೂ ಬಾರದ ಮರುಕ ಬಂತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೋರಿ ನೀರು ಕುಡಿಯಿತು. ಒಮ್ಮೆ ತಲೆ ಎತ್ತಿ, ಕುರುಡುಗಣ್ಣಿನಲ್ಲೇ ಜನರ ಕಡೆ ಹೊರಳಿ, ಮುಂಗಾಲಿನಿಂದ ನೆಲ ಕೆರೆಯಿತು. ಮಾಳಿಗೆಯ ಮೇಲಿನ ಹೆಂಗಸರೆಲ್ಲ ಹೋ ಎಂದರು. ಆಮೇಲೆ ಅದು ತನ್ನಷ್ಟಕ್ಕೆ ತಾನೇ ನಡೆಯತೊಡಗಿತು, ಪರಮೇಶ ಹಿಂದೆ ಹೋದ.

ಅಖಾಡದ ಆಚೆ, ಬೇವಿನ ಗಿಡದ ನೆರಳಿನಲ್ಲಿ ಪರಮೇಶ ಹಾರ ಬಿಚ್ಚಿ ಕೊಬ್ಬರಿ ಒಡೆಯುತ್ತಿದ್ದ. ಬಂದವರಿಗೆಲ್ಲ ಒಂದೊಂದು ಚೂರು. ಮುದಕವ್ವ ಗುತ್ತೆವ್ವನನ್ನು ಮುಂದೆ ತಂದು ನಿಲ್ಲಿಸಿ, "ಹಿರೇಕೆರೂರಾಗಿಂದ ಎಮ್ಮಿ ನೋಡಾಕ ಬಂದಾರ," ಎಂದು ನಗೆ ತಡೆದುಕೊಂಡಳು. ಪರಮೇಶ ತಟ್ಟನೆ ಎದ್ದು ನಿಂತು ವಸ್ತ್ರದಿಂದ ಕೈ ಒರೆಸಿಕೊಂಡ. ಯಾವ ಎಮ್ಮೆ ಎಂದು ಅವನಿಗೂ ಗೊತ್ತಾಗಿತ್ತು.

ಗುತ್ತೆವ್ವ ಸುತ್ತುಬಳಸು ಬಿಟ್ಟಳು. "ಓಡಾಕ ಆಗಂಗಿಲ್ಲ ಅಂತ ಗೊತ್ತೈತಿ. ಮತ್ತ್ಯಾಕಪಾ ವರ್ಷಾ ಕರಕೊಂಡು ಬರ್ತಿ ಇದನ್ನ?"

ಪರಮೇಶ ಹೋರಿಯ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ಸವರುತ್ತಾ ಹೇಳಿದ.

"ಇವನ ಕಾಲು ಹೋದ ವರ್ಷ ಮನ್ಯಾಗ ಬಿಟ್ಟು ಬಂದಿದ್ದೆರಿ. ಮೈಕಿನ ಸಪ್ಪಳ ಕೇಳಿ ಹಗ್ಗ ಜಗ್ಗಿ ಜಗ್ಗಿ ಮೂಗು ಹರಕೊಂಡಿದ್ದ. ಆಮ್ಯಾಲ ಮೇವು ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಊರಾಗ ನನಗ ಹೋರಿ ಹುಚ್ಚ ಅಂತಾರ. ಹುಚ್ಚು ನಂದಲ್ರಿ, ಅವಂದು. ಅವಗ ಅಖಾಡಾ ಬೇಕು. ನಾ ಸಂಗಾಟ ಬರ್ತೇನಿ, ಅಷ್ಟ."

ಗುತ್ತೆವ್ವನಿಗೆ ಎಷ್ಟೋ ಊರುಗಳಲ್ಲಿ, ಎಷ್ಟೋ ಗಂಡುಗಳ ಬಗ್ಗೆ ಕೇಳಿದ ಪ್ರಶ್ನೆಗಳೆಲ್ಲ ಇದರ ಮುಂದೆ ಬರಿದಾಗಿ ಕಂಡವು. ತನ್ನ ಹಟವನ್ನೇ ಎಲ್ಲರ ಮೇಲೆ ಹೇರುವ ಗಂಡಸರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇನ್ನೊಂದು ಜೀವ ಏನನ್ನು ಬಯಸುತ್ತದೆಂದು ತಿಳಿದುಕೊಂಡು, ಅದರ ಹೆಜ್ಜೆಗೆ ತನ್ನ ಹೆಜ್ಜೆ ತಗ್ಗಿಸಿ ನಡೆಯುವವನನ್ನು ಇವತ್ತೇ ಕಂಡದ್ದು. ಅವನು ಕೊಟ್ಟ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಬರ್ತೇನ್ರಿ," ಎಂದು ಹೊರಟವಳನ್ನು ಮುದಕವ್ವ ತಡೆದಳು. "ಏನೂ ಹೇಳದ ಹೊಂಟ್ರಲ್ರಿ."

"ಹೇಳಬೇಕಾದಾಕಿಗೆ ಮೊದಲ ಹೇಳ್ತೇನ್ರಿ," ಅಂದಳು ಗುತ್ತೆವ್ವ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಫೋನು ಹಚ್ಚಿದಾಗ ಇಳಿಹೊತ್ತಾಗಿತ್ತು. ಒಂದೇ ರಿಂಗಿಗೆ ವಿದ್ಯಾಶ್ರೀ ಎತ್ತಿದಳು. ಹಲೋ ಅನ್ನುವ ಬದಲು ಅವಳ ಉಸಿರು ಕೇಳಿಸಿತು. ಮುಂಜಾನೆಯಿಂದ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಾಳೆಂದು ತಾಯಿಗೆ ತಿಳಿಯಿತು.

"ಏನಂತಾರಬೇ ಊರಾಗ ಅವಗ?"

"ಅನ್ನೋರು ಏನೇನೋ ಅಂತಾರ. ಶೋಕೀನ ಅಂತಾರ, ಹುಚ್ಚ ಅಂತಾರ, ಮಳ್ಳ ಅಂತಾರ."

ವಿದ್ಯಾಶ್ರೀ, "ಆತು ಬಿಡವ್ವ. ನಾ ಹೇಳಿದ್ನಲ್ಲ, ಎದುರ ಮಾತಾಡಂಗಿಲ್ಲ ಅಂತ," ಅಂದಳು. ದನಿ ನಡುಗದಿರಲೆಂದು ಅವಳು ಪಡುತ್ತಿದ್ದ ಕಷ್ಟ ಅಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು.

"ಪೂರಾ ಕೇಳ ಹುಡುಗಿ." ಗುತ್ತೆವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು. "ಚೆಂದ ಇದ್ದಾಗ ಯಾರರ ನೋಡ್ಕೋತಾರ. ನೀ ಮುದುಕಿ ಆಗಿ, ಹಲ್ಲು ಬಿದ್ದು, ನಡಿಯಾಕ ಆಗದ ದಾರ್‍ಯಾಗ ನಿಂತಿ ಅಂತ ತಿಳಕೋ. ಅಂವ ನಿನ್ನ ಜಗ್ಗಂಗಿಲ್ಲ. ಬಿಟ್ಟೂ ಹೋಗಂಗಿಲ್ಲ. ಗಾಳಿ ಹಾಕ್ಕೋತ ನಿಂದರ್ತಾನ."